ಮದುವೆ ಕಾರ್ಡ್‌ಗೆ ಯಾವ ಇಟಾಲಿಕ್ ಫಾಂಟ್?

ಪ್ರಶ್ನೆ: ತಂಗಿ ಮದುವೆ ಕಾರ್ಡನ್ನು ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ಮಾಡಿಸುತ್ತಿದ್ದೇವೆ. ಇಂಗ್ಲಿಷ್ ಹೆಸರುಗಳಿಗೆ ಕಾರ್ಮೊರಂಟ್ ಇಟಾಲಿಕ್ ಎಂಬ ಓರೆ ಅಕ್ಷರದ ಫಾಂಟ್ ತುಂಬಾ ಹಿಡಿಸಿದೆ. ವಿಳಾಸಕ್ಕೂ ಅದನ್ನೇ ಹಾಕಬಹುದಾ?

ಉತ್ತರ 1: ಹೆಸರಿಗೆ ಹಾಕಿ, ವಿಳಾಸಕ್ಕೆ ಬೇಡ. ಅದು ದೊಡ್ಡ ಅಳತೆಗೆಂದೇ ಮಾಡಿದ ಫಾಂಟ್, ಗೆರೆಗಳು ಬಹಳ ತೆಳು. ಚಿಕ್ಕದಾಗಿ ಸ್ಕ್ರೀನ್ ಪ್ರಿಂಟ್ ಮಾಡಿದರೆ ಅಲ್ಲಲ್ಲಿ ಕಡಿದುಹೋಗುತ್ತವೆ. ವಿಳಾಸಕ್ಕೆ ಇಬಿ ಗ್ಯಾರಮಾಂಡ್ ಇಟಾಲಿಕ್ ನೋಡಿ. 16ನೇ ಶತಮಾನದ ಫ್ರೆಂಚ್ ಅಚ್ಚಕ್ಷರ ಕೆತ್ತನೆಗಾರ ರಾಬರ್ಟ್ ಗ್ರಾಂಜೋನ್ ಅಕ್ಷರಗಳ ಜಾಡಿನಲ್ಲಿ ಮಾಡಿದ್ದು. ಕೈಬರಹದ ಓಟ ಇದೆ, ಸುಮ್ನೆ ಓರೆ ಮಾಡಿದ್ದಲ್ಲ. ನನಗಂತೂ ಪ್ರಾಣ. ಎರಡೂ ಉಚಿತ.

ಉತ್ತರ 2: ವೆನಿಸ್‌ನಲ್ಲಿ 1501ರ ಮೊದಲ ಇಟಾಲಿಕ್ ಪುಸ್ತಕದಲ್ಲಿ ದೊಡ್ಡಕ್ಷರಗಳು (ಕ್ಯಾಪಿಟಲ್) ನೇರವಾಗಿಯೇ ಇದ್ದವು. ಹೆಸರುಗಳಿಗೆ ಹಾಗೆ ಮಾಡಿ ನೋಡಿ, ಗಂಭೀರವಾಗಿ ಕಾಣುತ್ತದೆ.

ಪ್ರಶ್ನೆ ಕೇಳಿದವರು: ಕನ್ನಡ ಸಾಲುಗಳನ್ನೂ ಓರೆ ಮಾಡಿಸಲಾ?

ಉತ್ತರ 1: ದಯವಿಟ್ಟು ಬೇಡ. ನಮ್ಮ ದುಂಡು ಅಕ್ಷರ ಸೊಟ್ಟಗಾಗುತ್ತದೆ, ಒತ್ತಕ್ಷರ ಪಕ್ಕಕ್ಕೆ ಜಾರುತ್ತದೆ. ನೇರವಾಗಿರಲಿ, ಸ್ವಲ್ಪ ದೊಡ್ಡದಾಗಿರಲಿ.