ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆಯವರು ರಾಜೀನಾಮೆ ಕೊಟ್ಟದ್ದೇಕೆ?

ಪ್ರಶ್ನೆ (ಕಾನೂನು ವಿದ್ಯಾರ್ಥಿನಿ, ಬಸವನಗುಡಿ):
ಎಲ್ಲರಿಗೂ ನಮಸ್ಕಾರ. 1909ರಲ್ಲಿ ಹುಟ್ಟಿದ, ಕಾರ್ಕಳ ಸೀಮೆಯ ಕೆ.ಎಸ್. ಹೆಗ್ಡೆಯವರು 1952ರಿಂದ ಕಾಂಗ್ರೆಸ್ಸಿನ ರಾಜ್ಯಸಭಾ ಸದಸ್ಯರಾಗಿದ್ದು, 1957ರಲ್ಲಿ ನೇರವಾಗಿ ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು. ಪಕ್ಷದಲ್ಲಿದ್ದವರನ್ನು ಹೀಗೆ ನ್ಯಾಯಪೀಠಕ್ಕೆ ತರುವುದು ಸರಿಯೇ? 1967ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು, ನಿವೃತ್ತಿಗೆ ಒಂದು ವರ್ಷವಷ್ಟೇ ಇದ್ದಾಗ ಹುದ್ದೆ ಬಿಟ್ಟದ್ದೇಕೆ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1 (ವಕೀಲರು, ಮಲ್ಲೇಶ್ವರಂ):
ನಿಮ್ಮ ಮೊದಲ ಪ್ರಶ್ನೆಗೆ ಅವರ ತೀರ್ಪನ್ನೇ ಮುಂದಿಡುತ್ತೇನೆ. ಸಂಸತ್ತು ಸಂವಿಧಾನವನ್ನು ಎಲ್ಲಿಯವರೆಗೆ ತಿದ್ದಬಹುದೆಂಬ ಪ್ರಶ್ನೆಯೆದ್ದ, ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಪ್ರಕರಣವನ್ನು ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳ ಪೀಠ 68 ದಿನ ಆಲಿಸಿ, 1973ರ ಏಪ್ರಿಲ್ 24ರಂದು 7–6ರ ಬಹುಮತದಿಂದ ತೀರ್ಮಾನಿಸಿತು. ತಾವು ಹಿಂದೆ ಇದ್ದ ಪಕ್ಷದ್ದೇ ಸರ್ಕಾರ ಅಧಿಕಾರದಲ್ಲಿದ್ದರೂ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಅಳಿಸುವಂತಿಲ್ಲವೆಂದ ಏಳು ಮಂದಿಯಲ್ಲಿ ಹೆಗ್ಡೆಯವರೂ ಒಬ್ಬರು. ಒಂದು ಮತ ಆಚೆ ಹೋಗಿದ್ದರೆ ಕಥೆಯೇ ಬೇರೆಯಾಗುತ್ತಿತ್ತು.

ಮರುದಿನ ಮುಖ್ಯ ನ್ಯಾಯಮೂರ್ತಿ ಸಿಕ್ರಿ ನಿವೃತ್ತರಾದರು. ಸೇವಾ ಜ್ಯೇಷ್ಠತೆಯಲ್ಲಿ ಮುಂದಿದ್ದ ಶೆಲತ್, ಹೆಗ್ಡೆ ಮತ್ತು ಗ್ರೋವರ್ ಮೂವರನ್ನೂ ಬದಿಗಿಟ್ಟು ಸರ್ಕಾರ ಎ.ಎನ್. ರೇ ಅವರನ್ನು ಆ ಸ್ಥಾನಕ್ಕೆ ತಂದಿತು. ಮೂವರೂ ರಾಜೀನಾಮೆ ಕೊಟ್ಟರು. ಶೆಲತ್ ಅವರು ಜುಲೈನಲ್ಲಿ ನಿವೃತ್ತರಾಗಬೇಕಿದ್ದುದರಿಂದ, ಜ್ಯೇಷ್ಠತೆ ಪಾಲಿಸಿದ್ದರೆ ಹೆಗ್ಡೆಯವರು 1974ರ ಜೂನ್‌ವರೆಗೆ, ಅಂದರೆ ಸುಮಾರು ಹನ್ನೊಂದು ತಿಂಗಳು, ದೇಶದ ಮುಖ್ಯ ನ್ಯಾಯಮೂರ್ತಿಯಾಗಿರುತ್ತಿದ್ದರು. ಸಂವಿಧಾನದ 124(7)ನೇ ವಿಧಿಯನ್ನೂ ಗಮನಿಸಿ: ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದವರು ಮತ್ತೆ ಯಾವ ನ್ಯಾಯಾಲಯದಲ್ಲೂ ವಕಾಲತ್ತು ನಡೆಸುವಂತಿಲ್ಲ. ಕರಿಕೋಟು ಮತ್ತೆ ತೊಡುವ ದಾರಿಯೂ ಇಲ್ಲವೆಂದು ಗೊತ್ತಿದ್ದೇ ಅವರು ಎದ್ದು ನಡೆದರು. ನಮ್ಮ ಹೈಕೋರ್ಟಿರುವ ಅಟ್ಟಾರ ಕಚೇರಿಯ ಕೆಂಪು ಕಂಬಗಳ ನಡುವೆ ಓಡಾಡುವಾಗ ನನಗೆ ಇದು ಈಗಲೂ ನೆನಪಾಗುತ್ತದೆ.

ಉತ್ತರ 2 (ನಿವೃತ್ತ ಶಿಕ್ಷಕರು, ಜಯನಗರ):
ವಕೀಲರ ಮಾತನ್ನು ಒಪ್ಪುತ್ತೇನೆ, ಆದರೆ ವಿದ್ಯಾರ್ಥಿನಿಯ ಅನುಮಾನ ಅಷ್ಟಕ್ಕೇ ತೀರುವುದಿಲ್ಲ. 1977ರಲ್ಲಿ ಹೆಗ್ಡೆಯವರು ಜನತಾ ಪಕ್ಷದಿಂದ ನಮ್ಮ ಬೆಂಗಳೂರು ದಕ್ಷಿಣದಲ್ಲೇ ಗೆದ್ದು, ಅದೇ ಜುಲೈನಲ್ಲಿ ಲೋಕಸಭೆಯ ಸ್ಪೀಕರ್ ಆದರು. ಅಂದು ಮತಗಟ್ಟೆಯಿಂದ ಮರಳಿದ ನನ್ನ ತಂದೆ, ಬೆರಳಿನ ಶಾಯಿ ಆರುವ ಮೊದಲೇ, "ನ್ಯಾಯಕ್ಕಾಗಿ ಕುರ್ಚಿ ಬಿಟ್ಟವರಿಗೆ ಓಟು ಹಾಕಿ ಬಂದೆ" ಎಂದು ಅಮ್ಮನಿಗೆ ಹೇಳಿದ್ದರು. ನನಗೂ ಅವರ ಮೇಲೆ ಅಪಾರ ಗೌರವವಿದೆ. ಆದರೂ ನ್ಯಾಯಪೀಠಕ್ಕೂ ಚುನಾವಣಾ ಕಣಕ್ಕೂ ನಡುವೆ ಕೆಲವು ವರ್ಷಗಳ ಅಂತರವನ್ನು ಕಾನೂನೇ ಕಡ್ಡಾಯ ಮಾಡಬೇಕೆಂಬುದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಕೇಶವಾನಂದ ಪ್ರಕರಣದಲ್ಲಿ ಹೆಗ್ಡೆ ಮತ್ತು ಪೀಠದ ಇನ್ನೊಬ್ಬ ನ್ಯಾಯಮೂರ್ತಿ ಮುಖರ್ಜಿಯಾ ಅವರು ಜೊತೆಯಾಗಿ ಬರೆದ ತೀರ್ಪನ್ನು ಇಂದೇ ಗ್ರಂಥಾಲಯದಲ್ಲಿ ತೆಗೆಸಿಕೊಂಡಿದ್ದೇನೆ. ಪೂರ್ತಿ ಓದಿದ ಮೇಲೆ, ಅಂತರದ ವಿಷಯವಾಗಿ ಮೇಷ್ಟ್ರನ್ನು ಮತ್ತೆ ಕೇಳುವುದಿದೆ.