ಐಇಎಲ್‌ಟಿಎಸ್ ಮಾತಿನ ಪರೀಕ್ಷೆಯಲ್ಲಿ ಬಾಲ್ಯದ ಸೈಕಲ್ ಬಗ್ಗೆ ಕೇಳಿದರೆ ಹೇಗೆ ಉತ್ತರಿಸಬೇಕು?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ತುಮಕೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಬೆಳೆದ ನಾನು ಈಗ ಬೆಂಗಳೂರಿನಲ್ಲಿ ನರ್ಸ್ ಆಗಿದ್ದೇನೆ. ಬ್ರಿಟನ್ನಿನಲ್ಲಿ ನರ್ಸಿಂಗ್ ನೋಂದಣಿ ಮಾಡಿಸಿಕೊಳ್ಳಲು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಯ ಮಾತಿನ ವಿಭಾಗದಲ್ಲಿ 7 ಬ್ಯಾಂಡ್ (ಅಂಕದ ಮಟ್ಟ) ಬೇಕು. ಅಭ್ಯಾಸದ ಪ್ರಶ್ನೆಗಳಲ್ಲಿ ಸೈಕಲ್ ವಿಷಯ ಮತ್ತೆ ಮತ್ತೆ ಬರುತ್ತದೆ: ಚಿಕ್ಕಂದಿನಲ್ಲಿ ಸೈಕಲ್ ಇತ್ತೇ, ಯಾರು ಕಲಿಸಿದರು, ಈಗಲೂ ತುಳಿಯುತ್ತೀರಾ ಎಂದೆಲ್ಲ ಕೇಳುತ್ತಾರೆ. ತರಬೇತಿಯಲ್ಲಿ ಕೊಟ್ಟ ಮಾದರಿ ಉತ್ತರದಲ್ಲಿ ಹುಟ್ಟುಹಬ್ಬಕ್ಕೆ ತಂದೆ ಕೊಡಿಸಿದ ಕೆಂಪು ಸೈಕಲ್, ಸಂಜೆಯ ಉದ್ಯಾನ, ಕೊನೆಯಲ್ಲಿ ಆರೋಗ್ಯ ಮತ್ತು ಪರಿಸರದ ಮಾತು ಇವೆ. ನಾನಾದರೋ ಅಪ್ಪನ ಎತ್ತರದ ಸೈಕಲ್ಲಿನಲ್ಲಿ ಒಳಪೆಡಲು ಹೊಡೆದು ಕಲಿತವಳು. ನನ್ನದೇ ಎನ್ನುವ ಸೈಕಲ್ ಬಂದದ್ದು ಎಂಟನೇ ತರಗತಿಯಲ್ಲಿ, ಸರ್ಕಾರದಿಂದ. ಇದನ್ನು ಹೇಳಿದರೆ ಪರೀಕ್ಷಕರಿಗೆ ಅರ್ಥವಾದೀತೇ, ಅಥವಾ ಮಾದರಿ ಉತ್ತರವನ್ನೇ ಕಲಿತು ಹೇಳುವುದು ಸುರಕ್ಷಿತವೇ?

ಮೊದಲ ಉತ್ತರ:
ದಯವಿಟ್ಟು ನಿಮ್ಮದನ್ನೇ ಹೇಳಿ. ನಾನು ಹಲವು ವರ್ಷಗಳಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ಬಾಯಿಪಾಠದ ಉತ್ತರ ಪರೀಕ್ಷಕರಿಗೆ ಬಹುಬೇಗ ತಿಳಿಯುತ್ತದೆ, ಏಕೆಂದರೆ ಅಲ್ಲಿ ಮಾತಿನ ವೇಗ ಏರಿಳಿಯುವುದಿಲ್ಲ, ಮತ್ತು ನಡುವೆ ಒಂದು ಚಿಕ್ಕ ಪ್ರಶ್ನೆ ಬಂದ ತಕ್ಷಣ ಅದುವರೆಗೆ ಹರಿದ ಭಾಷೆಗೂ ಆಮೇಲಿನ ಭಾಷೆಗೂ ಸಂಬಂಧವೇ ಇಲ್ಲದಂತಾಗುತ್ತದೆ. ಈ ಪರೀಕ್ಷೆಯಲ್ಲಿ ನಿರರ್ಗಳತೆ ಮತ್ತು ಸುಸಂಬದ್ಧತೆ, ಶಬ್ದಸಂಪತ್ತು, ವ್ಯಾಕರಣ, ಉಚ್ಚಾರಣೆ ಎಂಬ ನಾಲ್ಕಕ್ಕೆ ಸಮಾನವಾಗಿ ಅಂಕ ಕೊಡುತ್ತಾರೆ. ಸೈಕಲ್ ಹೊಸದೇ ಹಳೆಯದೇ, ಅಪ್ಪನದೇ ಸರ್ಕಾರದ್ದೇ ಎಂಬುದಕ್ಕೆ ಅಂಕವಿಲ್ಲ.

ಒಳಪೆಡಲು ಎಂಬ ಪದಕ್ಕೆ ಇಂಗ್ಲಿಷ್ ಪದ ಹುಡುಕುತ್ತಾ ನಿಲ್ಲಬೇಡಿ, ಆ ಕೆಲಸವನ್ನೇ ಬಿಡಿಸಿ ಹೇಳಿ. ಸೀಟಿನ ಮೇಲೆ ಕುಳಿತರೆ ಕಾಲು ಎಟುಕುತ್ತಿರಲಿಲ್ಲ. ಆದ್ದರಿಂದ ಅಡ್ಡ ಸರಳಿನ ಕೆಳಗಿನ ತ್ರಿಕೋನದೊಳಗಿಂದ ಬಲಗಾಲು ತೂರಿಸಿ ಆಚೆಯ ಪೆಡಲಿನ ಮೇಲಿಟ್ಟು, ಎಡಗೈಯಲ್ಲಿ ಹ್ಯಾಂಡಲ್ ಹಿಡಿದು, ಬಲಗೈಯಿಂದ ಸರಳನ್ನೋ ಸೀಟನ್ನೋ ತಬ್ಬಿಕೊಂಡು, ಮೈಯನ್ನು ಎಡಕ್ಕೆ ವಾಲಿಸಿ ಅರ್ಧರ್ಧ ಸುತ್ತು ತುಳಿಯುತ್ತಿದ್ದೆವು. ಇಷ್ಟನ್ನು ಇಂಗ್ಲಿಷಿನಲ್ಲಿ ಹೇಳುವಾಗ ಫ್ರೇಮ್, ಕ್ರಾಸ್‌ಬಾರ್, ಸ್ಯಾಡಲ್, ಬ್ಯಾಲೆನ್ಸ್, ಲೀನ್ ಎಂಬ ಪದಗಳು ತಾವಾಗಿಯೇ ಬರುತ್ತವೆ. ಗೊತ್ತಿಲ್ಲದ ಪದದ ಅರ್ಥವನ್ನು ಬೇರೆ ಮಾತುಗಳಲ್ಲಿ ಹೇಳುವ ಈ ಸಾಮರ್ಥ್ಯವನ್ನೂ ಶಬ್ದಸಂಪತ್ತಿನಲ್ಲಿ ಗಮನಿಸುತ್ತಾರೆ. ಕೆಂಪು ಸೈಕಲ್ಲಿನ ಕಥೆಯಲ್ಲಿ ಇಷ್ಟು ಸರಕು ಎಲ್ಲಿದೆ?

ಎರಡನೆಯ ಉತ್ತರ:
ನಾನು ಈ ಪರೀಕ್ಷೆ ಬರೆದು ಈಗ ವಿದೇಶದಲ್ಲಿದ್ದೇನೆ. ಮೇಲಿನವರ ಮಾತು ಸರಿ, ಆದರೆ ಯಾವ ಭಾಗದಲ್ಲಿ ಎಷ್ಟು ಹೇಳಬೇಕೆಂಬುದನ್ನೂ ನೋಡಿಕೊಳ್ಳಿ. ಇಡೀ ಸಂದರ್ಶನ 11ರಿಂದ 14 ನಿಮಿಷ. ಮೊದಲ ಭಾಗದಲ್ಲಿ ಪ್ರಶ್ನೆಗೆ ಎರಡು ಮೂರು ವಾಕ್ಯ ಸಾಕು. ಒಳಪೆಡಲಿನ ಪೂರ್ತಿ ವಿವರಣೆಗೆ ಅಲ್ಲಿ ಜಾಗವಿಲ್ಲ. ಎರಡನೆಯ ಭಾಗದಲ್ಲಿ ವಿಷಯ ಬರೆದ ಚೀಟಿ ಕೊಟ್ಟು, ಯೋಚಿಸಲು 1 ನಿಮಿಷ, ಮಾತಾಡಲು 2 ನಿಮಿಷದವರೆಗೆ ಸಮಯ ಕೊಡುತ್ತಾರೆ. ಬಾಲ್ಯದಲ್ಲಿ ಕಲಿತ ಕೌಶಲ, ಇಷ್ಟದ ವಸ್ತು ಎಂದೇನಾದರೂ ಬಂದರೆ ಸೈಕಲ್ಲನ್ನು ಧಾರಾಳವಾಗಿ ಹೇಳಬಹುದು.

ನಮ್ಮೂರಲ್ಲಿ ಗಂಟೆಯ ಲೆಕ್ಕದಲ್ಲಿ ಸೈಕಲ್ ಬಾಡಿಗೆಗೆ ಸಿಗುತ್ತಿತ್ತು. ಅಂಗಡಿಯವರು ಗೋಡೆಯ ಗಡಿಯಾರ ನೋಡಿ ಪುಸ್ತಕದಲ್ಲಿ ನಮ್ಮ ಹೆಸರಿನ ಮುಂದೆ ವೇಳೆ ಬರೆದುಕೊಳ್ಳುತ್ತಿದ್ದರು. ತಡವಾದರೆ ಇನ್ನರ್ಧ ಗಂಟೆಯ ದುಡ್ಡು. ಪರೀಕ್ಷೆಯಲ್ಲಿ ಇದನ್ನೇ ಹೇಳಲು, ಟಿಪ್ಪಣಿಗೆ ಕೊಟ್ಟ ಹಾಳೆಯ ಮೇಲೆ ನಾನು ಗಡಿಯಾರ, ಪುಸ್ತಕ, ಚೈನು ಎಂದಷ್ಟೇ ಗೀಚಿಕೊಂಡಿದ್ದೆ. ರೂಢಿಯಾಗಿ ನಡೆಯುತ್ತಿದ್ದುದಕ್ಕೆ ‘ವಿ ಯೂಸ್ಡ್ ಟು ರೆಂಟ್’, ‘ಹಿ ವುಡ್ ರೈಟ್ ಡೌನ್ ದ ಟೈಮ್’ ಎಂದೂ, ಒಂದು ದಿನ ಚೈನು ಕಳಚಿದ್ದಕ್ಕೆ ‘ದ ಚೈನ್ ಕೇಮ್ ಆಫ್’ ಎಂದೂ ಹೇಳಿದೆ. ಕಾಲರೂಪ ಹೀಗೆ ಬದಲಾಗುವುದು ನೆನಪಿನ ಮಾತಿನಲ್ಲಿ ಸಹಜ, ಅದಕ್ಕಾಗಿ ಬೇರೆ ಕಸರತ್ತು ಬೇಕಿಲ್ಲ.

ಮೂರನೆಯ ಉತ್ತರ:
ಮೂರನೆಯ ಭಾಗವನ್ನು ಯಾರೂ ಹೇಳಲಿಲ್ಲ. ಸೈಕಲ್ ಅಥವಾ ಸಂಚಾರದ ವಿಷಯವಾದರೆ ಅಲ್ಲಿ ನೆನಪು ಸಾಲದು, ಅಭಿಪ್ರಾಯ ಬೇಕು: ನಗರಗಳಲ್ಲಿ ಜನ ಸೈಕಲ್ ಬಿಟ್ಟದ್ದೇಕೆ, ಸರ್ಕಾರ ಏನು ಮಾಡಬಹುದು ಎಂದು ಕೇಳಬಹುದು. ‘ಸೈಕಲ್ ಪರಿಸರಸ್ನೇಹಿ’ ಎಂಬ ಸವಕಲು ವಾಕ್ಯವನ್ನು ಬಿಟ್ಟು, ನಿಮಗೆ ಗೊತ್ತಿರುವುದರಿಂದಲೇ ಆರಂಭಿಸಿ. ಕರ್ನಾಟಕದಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ 2006–07ರಲ್ಲಿ ಶುರುವಾಯಿತು. ಹಳ್ಳಿಯಲ್ಲಿ ಏಳನೆಯವರೆಗೆ ಶಾಲೆಯಿದ್ದು ಪ್ರೌಢಶಾಲೆ ದೂರದಲ್ಲಿದ್ದಾಗ, ಬಸ್ಸಿಲ್ಲದ ದಾರಿಯಲ್ಲಿ ಹೆಣ್ಣುಮಕ್ಕಳು ಓದು ಮುಂದುವರಿಸಲು ಆ ಸೈಕಲ್ ಎಷ್ಟು ಮುಖ್ಯವೆಂದು ನಿಮಗಿಂತ ಚೆನ್ನಾಗಿ ಯಾರು ಹೇಳಬಲ್ಲರು? ನಗರದ ಉದಾಹರಣೆ ಬೇಕೆಂದರೆ ಮೈಸೂರಿನಲ್ಲಿ 2017ರಲ್ಲಿ ಆರಂಭವಾದ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ವ್ಯವಸ್ಥೆಯನ್ನು ಹೇಳಬಹುದು. ಅದನ್ನು ಬೆಂಗಳೂರಿನ ರಸ್ತೆಗಳೊಂದಿಗೆ ಹೋಲಿಸಿದರೆ ಕಾರಣ, ಪರಿಣಾಮ, ಷರತ್ತಿನ ವಾಕ್ಯಗಳೆಲ್ಲ ಬಳಕೆಗೆ ಬರುತ್ತವೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ನಮ್ಮ ಪ್ರೌಢಶಾಲೆಗೂ ಬಸ್ಸು ಇರಲಿಲ್ಲ, ಆ ಮಾತನ್ನು ಖಂಡಿತ ಹೇಳುತ್ತೇನೆ. ಇನ್ನೊಂದು ಸಂದೇಹ: ಮಾತಿನ ನಡುವೆ ‘ಐ ಫಾಲ್’ ಎಂದುಬಿಟ್ಟು, ಕೂಡಲೇ ‘ಐ ಫೆಲ್’ ಎಂದು ತಿದ್ದಿಕೊಂಡರೆ ಅಂಕ ಹೋಗುತ್ತದೆಯೇ?

ಮೊದಲ ಉತ್ತರ ಬರೆದವರು:
ಅಪರೂಪಕ್ಕೊಮ್ಮೆ ತಿದ್ದಿಕೊಂಡರೆ ತೊಂದರೆಯಿಲ್ಲ, ಪ್ರತಿ ವಾಕ್ಯದಲ್ಲೂ ತಿದ್ದುತ್ತಾ ಹೋದರೆ ನಿರರ್ಗಳತೆಗೆ ಪೆಟ್ಟು. ಮುಂದೇನು ಹೇಳಲೆಂದು ಯೋಚಿಸಲು ನಿಂತರೂ ಭಯಪಡಬೇಡಿ. ಪದಕ್ಕಾಗಿ ತಡಕಾಡಿ ನಿಲ್ಲುವುದಕ್ಕೂ ವಿಷಯ ನೆನೆಯುತ್ತಾ ನಿಲ್ಲುವುದಕ್ಕೂ ಪರೀಕ್ಷಕರು ವ್ಯತ್ಯಾಸ ಮಾಡುತ್ತಾರೆ. ಇಂದಿನಿಂದಲೇ ಫೋನಿನಲ್ಲಿ 2 ನಿಮಿಷ ಧ್ವನಿಮುದ್ರಿಸಿ, ಕೇಳಿ, ಏನನ್ನೂ ಬರೆದುಕೊಳ್ಳದೆ ಮರುದಿನ ಅದೇ ಪ್ರಸಂಗವನ್ನು ಬೇರೆ ವಾಕ್ಯಗಳಲ್ಲಿ ಹೇಳಿ ನೋಡಿ.