ಸೂರಿನ ಪಿಕ್ಸೆಲ್ ಸಾಲು: ನೆಲದ ಮೇಲೆ ಸರಿ ಇತ್ತು, ಮೇಲೆ ಹತ್ತಿಸಿದ ಮೇಲೆ ಅರ್ಧದಿಂದ ಹುಚ್ಚಾಟ

ಸೂರಂಚು:
ತಲೆ ಕೆಟ್ಟು ಹೋಗಿದೆ. ಕ್ರಿಸ್‌ಮಸ್‌ಗೆ ಅಂತ ಮನೆಯ ಮುಂದಿನ ಸೂರಿನ ಅಂಚಿಗೆ ಪಿಕ್ಸೆಲ್, ಅಂದ್ರೆ ಒಂದೊಂದಕ್ಕೂ ಬೇರೆ ಬಣ್ಣ ಕೊಡಬಹುದಾದ ದೀಪದ ಸಾಲು, ಕಟ್ಟಿದ್ದೀನಿ. ಡಬ್ಲ್ಯೂಎಸ್2811 ಚಿಪ್ಪಿನ ಬುಲೆಟ್ ನೋಡ್ (ನೋಡ್ ಅಂದ್ರೆ ಒಂದು ದೀಪ), 12 ವೋಲ್ಟ್, ಒಟ್ಟು 300. ಇಎಸ್‌ಪಿ32 ಕಂಟ್ರೋಲರ್, ಅದರಲ್ಲಿ ಡಬ್ಲ್ಯೂಎಲ್‌ಇಡಿ ಸಾಫ್ಟ್‌ವೇರ್. ಕೋಣೆಯ ನೆಲದ ಮೇಲೆ ಹಾಸಿ ಎರಡು ರಾತ್ರಿ ಓಡಿಸಿದಾಗ ಒಂದು ನೋಡೂ ಮಿಸುಕಾಡಲಿಲ್ಲ. ಮೇಲೆ ಹತ್ತಿಸಿದ ಮೇಲೆ ಅರ್ಧದ ತನಕ ಸರಿ, ಆಮೇಲೆ ಸಿಕ್ಕಸಿಕ್ಕ ಬಣ್ಣ, ಮಿಟಿಮಿಟಿ. ಎಲ್ಲ ಕನೆಕ್ಷನ್ ಎರಡೆರಡು ಸಲ ನೋಡಿದ್ದೀನಿ. ಏನು ಮಾಡೋದು?

ಓಮ್ ಭಕ್ತ:
ವೋಲ್ಟೇಜ್ ಡ್ರಾಪ್, ವೈರಿನುದ್ದಕ್ಕೂ ವೋಲ್ಟ್ ಬೀಳ್ತಿದೆ. ಕಣ್ಣು ಮುಚ್ಚಿ ಹೇಳ್ತೀನಿ. ತಲಾ 60 ಮಿಲಿಆಂಪ್ ಹಿಡಿದ್ರೆ 300ಕ್ಕೆ ಪೂರ್ತಿ ಬಿಳಿಯಲ್ಲಿ 18 ಆಂಪ್, ಅಂದ್ರೆ 216 ವ್ಯಾಟ್. ನೋಡಿನ ಜೊತೆ ಬರೋ ವೈರು 20 ಗೇಜ್ ಇದ್ರೂ ಮೀಟರಿಗೆ ಸುಮಾರು 33 ಮಿಲಿಓಮ್, ಹೋಗಿ ಬರೋ ದಾರಿ ಸೇರಿ 66. ಸಾಲಿನ ತುದಿಯಲ್ಲಿ ಏನು ಉಳಿಯುತ್ತೆ ನೀವೇ ಲೆಕ್ಕ ಹಾಕಿ. 50 ನೋಡಿಗೊಮ್ಮೆ ಇಂಜೆಕ್ಷನ್ ಕೊಡಿ, ಅಂದ್ರೆ ಸಪ್ಲೈಯಿಂದ ನೇರ ಪವರ್ ವೈರ್ ಎಳೆಯಿರಿ, ಮುಗೀತು.

ಸೂರಂಚು:
ಬ್ರೈಟ್‌ನೆಸ್ 30 ಪರ್ಸೆಂಟಿಗೆ ಕಟ್ಟಿಹಾಕಿದ್ದೀನಿ ಸಾರ್. ನೆಲದ ಮೇಲೂ ಅಷ್ಟೇ ಇತ್ತು.

ಬೆಸುಗೆಕಡ್ಡಿ:
ಲೆವೆಲ್ ಶಿಫ್ಟರ್, ಅಂದ್ರೆ ಡೇಟಾದ ವೋಲ್ಟೇಜ್ ಏರಿಸೋ ಚಿಪ್, ಇದೆಯಾ? ಇಎಸ್‌ಪಿ32 ಕಕ್ಕೋದು 3.3 ವೋಲ್ಟ್. 12 ವೋಲ್ಟಿನ ನೋಡ್ ಆದ್ರೂ ಒಳಗಿನ ಚಿಪ್ ನಡೆಯೋದು 5 ವೋಲ್ಟಿನ ಆಸುಪಾಸಿನಲ್ಲೇ, ಡೇಟಾವನ್ನ ‘1’ ಅಂತ ಒಪ್ಪೋಕೆ ಅದರ 0.7 ಪಾಲು, ಅಂದ್ರೆ 3.5 ಬೇಕು. 74ಎಚ್‌ಸಿಟಿ125 ಒಂದು ಹಾಕಿ, ಅದರ ಔಟ್‌ಪುಟ್ ಬುಡದಲ್ಲಿ 33ರಿಂದ 100 ಓಮ್ ರೆಸಿಸ್ಟರ್.

ಮೂರೆಳೆ:
ಮೊದಲ ಅರ್ಧ ಸರಿಯಾಗಿ ಓಡ್ತಿದೆ ಅಂದ ಮೇಲೆ ಶಿಫ್ಟರ್ ತಪ್ಪಲ್ಲ. ಪ್ರತಿ ನೋಡ್ ತನ್ನ 24 ಬಿಟ್ ನುಂಗಿ, ಉಳಿದದ್ದನ್ನ ಹೊಸದಾಗಿ ಬರೆದು ಮುಂದಕ್ಕೆ ಕಳಿಸುತ್ತೆ. ಕಂಟ್ರೋಲರಿನ ಸಿಗ್ನಲ್ ಗುಣಮಟ್ಟ ಮೊದಲ ನೋಡಿಗೆ ಮಾತ್ರ ಮುಖ್ಯ. ಮಧ್ಯದಲ್ಲಿ ಕೆಟ್ಟಿದೆ ಅಂದ್ರೆ ತೊಂದರೆ ಮಧ್ಯದಲ್ಲೇ ಇದೆ. ಸೂರಂಚು, ‘ಅರ್ಧ’ ಅಂದ್ರೆ ಎಷ್ಟನೇ ನೋಡ್? ಎಣಿಸಿ ಹೇಳಿ. ಸುಮಾರು ಅನ್ನೋದು ಬೇಡ.

ಓಮ್ ಭಕ್ತ:
ಎಷ್ಟನೇದಾದ್ರೇನು? ಡ್ರಾಪ್ ಆಗೋದೇ ಮಧ್ಯದಿಂದ. ಬಿಳಿ ಹಾಕಿ ನೋಡಿ, ಮುಂದೆ ಹೋಗ್ತಾ ಕೆಂಪಗಾಗುತ್ತೆ. ನೀಲಿ, ಹಸಿರಿಗೆ ಜಾಸ್ತಿ ವೋಲ್ಟ್ ಬೇಕು, ಮೊದಲು ಸೊರಗೋದು ಅವೇ.

ಸೂರಂಚು:
ಎಣಿಸಿದೆ. 150ರ ತನಕ ಸರಿ. 151ರಿಂದ ಹಾಳು. ಶಿಫ್ಟರ್ ಕಂಟ್ರೋಲರ್ ಬೋರ್ಡಿನಲ್ಲೇ ಇದೆ. ಬಿಳಿ ಹಾಕಿದ್ರೆ ಕೆಂಪಗೆ ಆಗ್ತಿಲ್ಲ, 151ರಿಂದ ಮುಂದೆ ಹಸಿರು, ನೇರಳೆ, ಕತ್ತಲೆ ಹೀಗೆ ಕುಣಿತದೆ.

ಒಂಬತ್ತುಸಾವಿರ:
5 ವೋಲ್ಟ್ ತಗೊಂಡಿದ್ರೆ ಈ ಗೋಳೇ ಇರ್ತಿರಲಿಲ್ಲ. 12 ವೋಲ್ಟಿನ ರೆಸಿಸ್ಟರ್ ನೋಡ್ ಅಂದ್ರೆ ಅರ್ಧಕ್ಕಿಂತ ಜಾಸ್ತಿ ಪವರ್ ಬರೀ ಬಿಸಿ. ಅದೇ 60 ಮಿಲಿಆಂಪಿಗೆ 5 ವೋಲ್ಟಿನಲ್ಲಿ 300 ನೋಡಿಗೆ 90 ವ್ಯಾಟ್, ನಿಮ್ಮದು 216. ನನ್ನ ಮನೆಗೆ 9000 ಪಿಕ್ಸೆಲ್, ಎಲ್ಲ 5 ವೋಲ್ಟ್, 12 ಪೋರ್ಟ್, ಪೋರ್ಟಿಗೆ 750. ಎಕ್ಸ್‌ಲೈಟ್ಸ್ ಸಾಫ್ಟ್‌ವೇರಿನಲ್ಲಿ ಸೆಕೆಂಡಿಗೆ 40 ಫ್ರೇಮ್.

ಪಟ್ಟಿಗಾರ:
ಸೂರಿನ ಅಂಚಿಗೆ 5 ವೋಲ್ಟಾ? ಅರ್ಧ ವೋಲ್ಟ್ ಬಿದ್ರೆ ಬಣ್ಣ ತಿರುಗುತ್ತೆ. ಉದ್ದ ಸಾಲಿಗೆ 12ಏ ಸರಿ, 10ಕ್ಕೆ ಇಳಿದ್ರೂ ಸ್ವಲ್ಪ ಮಂಕಾಗುತ್ತೆ ಅಷ್ಟೇ. ಮರಕ್ಕೆ, ಕಮಾನಿಗೆ 5 ಹಾಕೊಳ್ಳಿ, ಬೇಡ ಅಂದೋರ್ಯಾರು.

ಒಂಬತ್ತುಸಾವಿರ:
ಇಂಜೆಕ್ಷನ್ ಸರಿಯಾಗಿ ಕೊಟ್ರೆ ಯಾಕೆ ತಿರುಗುತ್ತೆ? ಅಂದಹಾಗೆ ನನ್ನ 750ರ ಲೆಕ್ಕ ಸುಮ್ಮನೆ ಅಲ್ಲ. ಒಂದು ಪಿಕ್ಸೆಲ್ಲಿಗೆ 30 ಮೈಕ್ರೋಸೆಕೆಂಡ್, ಸೆಕೆಂಡಿಗೆ 40 ಅಂದ್ರೆ ಒಂದು ಫ್ರೇಮಿಗೆ 25 ಮಿಲಿಸೆಕೆಂಡ್, ಅಲ್ಲಿಗೆ 800ರ ಮೇಲೆ ಹೋಗೋ ಹಾಗಿಲ್ಲ. ಯೂನಿವರ್ಸ್ (ಡೇಟಾದ ಒಂದು ಕಟ್ಟು) ಒಂದಕ್ಕೆ 170 ಪಿಕ್ಸೆಲ್, ಒಟ್ಟು 53 ಯೂನಿವರ್ಸ್.

ಮೂರೆಳೆ:
300 ನೋಡಿನ ಸಮಸ್ಯೆಗೆ 53 ಯೂನಿವರ್ಸ್ ಯಾಕೆ ಗುರು. ಸೂರಂಚು, 150 ಮತ್ತು 151ರ ನಡುವೆ ಏನಿದೆ?

ಸೂರಂಚು:
ಏನಿಲ್ಲ, ಬಾಲ್ಕನಿ ಜಾಗ. ಎಡ ಸೂರು 11 ಮೀಟರ್, ಬಲ ಸೂರು 11 ಮೀಟರ್, ಮಧ್ಯೆ 4 ಮೀಟರ್ ಬರೀ ವೈರು.

ಬೆಸುಗೆಕಡ್ಡಿ:
ಇದನ್ನ ಮೊದಲೇ ಹೇಳೋದಲ್ವಾ ಮಾರಾಯ್ರೆ! ನೆಲದ ಮೇಲೆ ಆ 4 ಮೀಟರ್ ಇರಲಿಲ್ಲ, ಈಗ ಇದೆ. ನೋಡಿನಿಂದ ಹೊರಡೋ ಸಿಗ್ನಲ್ಲಿಗೆ ಕಂಟ್ರೋಲರಿನಷ್ಟು ಕಸುವು ಇಲ್ಲ. ಗ್ಯಾಪಿನ ಮಧ್ಯೆ ಒಂದು ನಲ್ ಪಿಕ್ಸೆಲ್ ಹಾಕಿ, ಅಂದ್ರೆ ಕತ್ತಲಲ್ಲೇ ಇದ್ದು ಸಿಗ್ನಲ್ಲನ್ನ ಹೊಸದಾಗಿ ಬರೆದು ಕಳಿಸೋ ಒಂದು ನೋಡ್. ಟೇಪು ಸುತ್ತಿ ವೈರಿನ ಜೊತೆ ಕಟ್ಟಿಬಿಡಿ. ಬಾಣದ ಗುರುತು ಹೋಗೋ ದಿಕ್ಕಿಗೇ ಇರಲಿ.

ಓಮ್ ಭಕ್ತ:
4 ಮೀಟರ್ ವೈರು ಅಂದ್ರೆ ಅಲ್ಲೂ ಡ್ರಾಪ್. ನಾನು ಹೇಳಿದ್ದೇ ಅದು. ಮೀಟರ್ ಹಿಡಿದು ಅಳೆಯಿರಿ, 30 ಪರ್ಸೆಂಟ್ ಬಿಳಿಯಲ್ಲಿ, ನಾಲ್ಕು ಕಡೆ.

ಸೂರಂಚು:
ಎರಡೂ ಮಾಡಿದೆ. ಗ್ಯಾಪಿನ ಮಧ್ಯೆ ಪವರ್ ವೈರ್ ಇಲ್ಲ, ಹಾಗಾಗಿ ನಲ್ಲನ್ನ 150ರ ಪಕ್ಕದಲ್ಲೇ ಹಾಕಿದೆ. ಕುಣಿತ ಸ್ವಲ್ಪ ಕಮ್ಮಿ, ಹೋಗಿಲ್ಲ. ಜೊತೆಗೆ ಈಗ ಬಲಗಡೆದೆಲ್ಲ ಒಂದೊಂದು ನೋಡ್ ಸರಿದುಬಿಟ್ಟಿದೆ, ಅದು ಬೇರೆ ತಲೆನೋವು.
ಅಳತೆ: 1ನೇ ನೋಡ್ 12.0, 150ನೇದು 10.7, 151ನೇದು 12.0, 300ನೇದು 10.7.

ಓಮ್ ಭಕ್ತ:
ನೋಡಿದ್ರಾ, 10.7! 1.3 ವೋಲ್ಟ್ ಬಿದ್ದಿದೆ.

ಪಟ್ಟಿಗಾರ:
150ನೇದೂ 10.7ರಲ್ಲೇ ಇದೆ, ಅದು ಚೆನ್ನಾಗೇ ಉರೀತಿದೆಯಲ್ಲ. 12 ವೋಲ್ಟಿನ ನೋಡಿಗೆ 10.7 ಯಾವ ಲೆಕ್ಕ.

ಮೂರೆಳೆ:
ಎಲ್ಲರೂ ಆ ಸಾಲನ್ನ ಇನ್ನೊಮ್ಮೆ ಓದಿ. 150ರಲ್ಲಿ 10.7, ಅದಾದ ಮೇಲಿನ 151ರಲ್ಲಿ 12.0. ವೈರಿನಲ್ಲಿ ಮುಂದೆ ಹೋಗ್ತಾ ವೋಲ್ಟೇಜ್ ಏರಲ್ಲ. ಅಲ್ಲಿ ಇನ್ನೊಂದು ಸಪ್ಲೈ ಇದೆ. ಮೇಲಾಗಿ ಗ್ಯಾಪಿನಲ್ಲಿ ಪವರ್ ವೈರೇ ಇಲ್ಲ ಅಂತ ಅವರೇ ಬರೆದಿದ್ದಾರೆ. ಸೂರಂಚು, ಬಲಭಾಗಕ್ಕೆ ಬೇರೆ ಸಪ್ಲೈ ಕೊಟ್ಟಿದ್ದೀರಾ? ಆ 4 ಮೀಟರಿನಲ್ಲಿ ಎಷ್ಟು ಎಳೆ ಹೋಗುತ್ತೆ?

ಸೂರಂಚು:
ಹೌದು, 150 ವ್ಯಾಟಿನ ಸಪ್ಲೈ ಎರಡು, ಕಡೆಗೊಂದು. ಅದು ಗೊತ್ತೇ ಇರುತ್ತೆ ಅಂದ್ಕೊಂಡೆ. ನೆಲದ ಮೇಲೆ ಒಂದೇ ಸಪ್ಲೈಯಲ್ಲಿ ಓಡಿಸಿದ್ದೆ. ಎರಡು ಸಪ್ಲೈ ಸೇರಿಸಬಾರದು ಅಂತ ಎಲ್ಲಾ ಕಡೆ ಹೇಳ್ತಾರಲ್ಲ, ಅದಕ್ಕೆ ಪ್ಲಸ್ಸೂ ಮೈನಸ್ಸೂ ಕತ್ತರಿಸಿ ಡೇಟಾ ಎಳೆ ಒಂದನ್ನೇ ದಾಟಿಸಿದ್ದೀನಿ.

ಬೆಸುಗೆಕಡ್ಡಿ:
ಅಯ್ಯೋ.

ಮೂರೆಳೆ:
ಸೇರಿಸಬಾರದ್ದು ಪ್ಲಸ್ ಮಾತ್ರ. ಮೈನಸ್ ಸೇರಲೇಬೇಕು. ಡೇಟಾ 5 ವೋಲ್ಟ್ ಅಂದ್ರೆ ಯಾವುದಕ್ಕೆ ಹೋಲಿಸಿ 5? ಎಡ ಸಪ್ಲೈಯ ಮೈನಸ್ಸಿಗೆ. 151ನೇ ನೋಡ್ ಅಳೆಯೋದು ತನ್ನ ಮೈನಸ್ಸಿಗೆ, ಅಂದ್ರೆ ಬಲ ಸಪ್ಲೈದಕ್ಕೆ. ಎರಡರ ನಡುವೆ ಸಂಬಂಧವೇ ಇಲ್ಲದಿದ್ರೆ ಸೊನ್ನೆ ಯಾವುದು, ಒಂದು ಯಾವುದು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ನಿಮ್ಮ ಅಳತೆಯಲ್ಲಿ ಇದು ಕಾಣಲಿಲ್ಲ, ಯಾಕಂದ್ರೆ ಪ್ರತಿ ಕಡೆ ಅಲ್ಲಲ್ಲಿಯ ಪ್ಲಸ್ ಮೈನಸ್ಸಿಗೇ ಮೀಟರ್ ಹಿಡಿದಿರಿ. ಈಗ ಎಡ ಮೈನಸ್ಸಿಗೂ ಬಲ ಮೈನಸ್ಸಿಗೂ ಹಿಡಿಯಿರಿ. ಮೀಟರ್ ಎಸಿ ರೇಂಜಿನಲ್ಲಿ.

ಸೂರಂಚು:
30 ವೋಲ್ಟಿನ ಆಸುಪಾಸು ಕುಣಿತಿದೆ. ಅಷ್ಟೊಂದಾ?!

ಮೂರೆಳೆ:
ಸಪ್ಲೈಯ ಅರ್ತ್ ಟರ್ಮಿನಲ್ಲಿಗೆ ವೈರ್ ಕೊಟ್ಟಿದ್ದೀರಾ?

ಸೂರಂಚು:
ಎರಡು ಪಿನ್ನಿನ ವೈರು ಹಾಕಿದ್ದೀನಿ. ಕೆಲಸ ಮಾಡ್ತಿತ್ತಲ್ಲ.

ಮೂರೆಳೆ:
ಅದು ಮೊದಲು ಸರಿಯಾಗಲಿ, ಪಿಕ್ಸೆಲ್ ಆಮೇಲೆ. ಲೋಹದ ಡಬ್ಬಿಯ ಸಪ್ಲೈಗೆ ಅರ್ತ್ ಇಲ್ಲದೆ ಒದ್ದೆ ಗೋಡೆ ಮೇಲೆ ಇಡೋದು ತಮಾಷೆಯಲ್ಲ. ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಸೋರೋ ಕರೆಂಟು ಡಬ್ಬಿಗೂ ಮೈನಸ್ಸಿಗೂ ಬರುತ್ತೆ, ನೀವು ಅಳೆದಿದ್ದು ಅದನ್ನೇ. ಮೂರು ಪಿನ್, ಆರ್‌ಸಿಸಿಬಿ (ಕರೆಂಟು ಸೋರಿದ್ರೆ ಸಾಲು ಕಡಿಯೋ ಸ್ವಿಚ್) ಇರೋ ಸಾಲಿನಿಂದ.
ಆಮೇಲೆ ಕ್ರಮವಾಗಿ: ಎರಡೂ ಸಪ್ಲೈ ಆಫ್. ಗ್ಯಾಪಿನ ಡೇಟಾ ಎಳೆ ತೆಗೆದುಹಾಕಿ, ಅದರ ಜಾಗಕ್ಕೆ ಎರಡು ಎಳೆಯ ಒಂದೇ ಕೇಬಲ್ ತನ್ನಿ, ಒಂದು ಡೇಟಾ, ಒಂದು ಮೈನಸ್. ಮೈನಸ್ಸನ್ನ ಬೇರೆ ದಾರಿಯಲ್ಲಿ ಸುತ್ತಿಸಿ ತರಬೇಡಿ, ಡೇಟಾದ ಜೊತೆಜೊತೆಗೇ ಹೋಗಬೇಕು. 1 ಚದರ ಮಿಮೀ ಸಾಕು. ಬೆಸುಗೆ ಹಾಕಿ, ಒಳಗೆ ಅಂಟು ಇರೋ ಹೀಟ್‌ಶ್ರಿಂಕ್ ಏರಿಸಿ. ಪ್ಲಸ್ಸಿನ ಎರಡು ತುದಿ ಬೇರೆಬೇರೆಯಾಗಿ ಮುಚ್ಚಿ. ವೈರಿನ ಬಣ್ಣ ನಂಬಬೇಡಿ, ಮೀಟರಿನಲ್ಲಿ ನೋಡಿ.

ಬೆಸುಗೆಕಡ್ಡಿ:
ಸಿಲಿಕೋನ್ ಬಳಿಯೋದಿದ್ರೆ ವಿನೆಗರ್ ವಾಸನೆ ಬರೋದು ಬೇಡ, ಅದು ತಾಮ್ರ ತಿನ್ನುತ್ತೆ. ನ್ಯೂಟ್ರಲ್ ಅಂತ ಬರೆದಿರೋದು ತನ್ನಿ. ನಲ್ ಹಾಕಿದ್ದಕ್ಕೆ ಸರಿದುಹೋಗಿದೆ ಅಂದ್ರಲ್ಲ, ಡಬ್ಲ್ಯೂಎಲ್‌ಇಡಿಯಲ್ಲಿ ಒಟ್ಟು ಸಂಖ್ಯೆ 301 ಮಾಡಿ, ಸೆಗ್ಮೆಂಟ್ ಎರಡು: ಮೊದಲನೇದು 0ಯಿಂದ 150, ಎರಡನೇದು 151ರಿಂದ 301. ಅದರಲ್ಲಿ ಎಣಿಕೆ ಸೊನ್ನೆಯಿಂದ, ಸ್ಟಾಪ್ ಸಂಖ್ಯೆ ಲೆಕ್ಕಕ್ಕೆ ಸೇರಲ್ಲ, ಹಾಗಾಗಿ ನಲ್ ಮಧ್ಯೆ ತಾನಾಗೇ ಹೊರಗುಳಿಯುತ್ತೆ.

ಪಟ್ಟಿಗಾರ:
ಏಣಿ ಹತ್ತೋದು ಹೇಗೂ ಇದೆ, ನೋಡ್ ಕೂರಿಸಿರೋದು ಯಾವುದರಲ್ಲಿ?

ಸೂರಂಚು:
ಪಿವಿಸಿ ಪಟ್ಟಿ, 3 ಮೀಟರಿನವು, 7.5 ಸೆಂಮೀಗೆ ಒಂದು ತೂತು. ಪಟ್ಟಿಗೆ ಪಟ್ಟಿ ಒತ್ತಿ ಸ್ಕ್ರೂ ಬಿಗಿದಿದ್ದೀನಿ. ಕೆಲವು ಕಡೆ ಹೊಟ್ಟೆ ಉಬ್ಬಿದ ಹಾಗಿದೆ.

ಪಟ್ಟಿಗಾರ:
ಉಬ್ಬದೇ ಇನ್ನೇನು. ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ 30 ಡಿಗ್ರಿ ವ್ಯತ್ಯಾಸ ಬಂದ್ರೆ 3 ಮೀಟರ್ ಪಿವಿಸಿ ಸುಮಾರು 5 ಮಿಮೀ ಹಿಗ್ಗುತ್ತೆ. ಪಟ್ಟಿಗಳ ಮಧ್ಯೆ 6 ಮಿಮೀ ಬಿಡಿ. ಪಟ್ಟಿಯ ನಡುವಿನ ಒಂದು ಸ್ಕ್ರೂ ಮಾತ್ರ ಬಿಗಿ, ಉಳಿದ ತೂತುಗಳನ್ನ ಉದ್ದಕ್ಕೆ ಅಗಲಿಸಿ ಸ್ಕ್ರೂವನ್ನ ಕಾಲು ಸುತ್ತು ಸಡಿಲ ಬಿಡಿ. ನೋಡಿನ ತೂತು 12 ಮಿಮೀ, ಮೆಟ್ಟಿಲು ಡ್ರಿಲ್ ಬಿಟ್‌ನಲ್ಲಿ ಕೊರೆದ್ರೆ ಅಂಚು ಹರಿಯಲ್ಲ. ಪಟ್ಟಿ ದಪ್ಪ ಇದ್ರೆ ನೋಡಿನ ಕುತ್ತಿಗೆಯ ತೋಡು ಪಟ್ಟಿಯನ್ನ ಕಚ್ಚಲ್ಲ, ಗಾಳಿಗೆ ಹಿಂದಕ್ಕೆ ಜಾರುತ್ತೆ. ಜಿಪ್ ಟೈ ಕಪ್ಪು ಬಣ್ಣದ್ದೇ ಇರಲಿ, ಬಿಳಿಯದು ಬಿಸಿಲಿಗೆ ಪುಡಿಯಾಗುತ್ತೆ.

ಒಂಬತ್ತುಸಾವಿರ:
ಅಲ್ಯೂಮಿನಿಯಂ ಹಾಕಿದ್ರೆ ಹಿಗ್ಗೋದು 2 ಮಿಮೀ. ನನ್ನ 9000ವೂ ಅಲ್ಯೂಮಿನಿಯಂ ಚಾನೆಲ್ಲಿನಲ್ಲೇ.

ಪಟ್ಟಿಗಾರ:
ತೂತಿನ ಅಂಚು ಉಜ್ಜದೆ ಬಿಟ್ರೆ ವೈರಿನ ಸಿಪ್ಪೆ ಸೀಳೋದೂ ಅದೇ ಅಲ್ಯೂಮಿನಿಯಂ.

ಸೂರಂಚು:
ಅರ್ತ್ ಕೊಟ್ಟೆ, ಮೈನಸ್ ಸೇರಿಸಿದೆ. ಕುಣಿತ ನಿಂತಿತು. ಆದ್ರೆ ಈಗ 151ರಿಂದ ಮುಂದೆ ಪೂರ್ತಿ ಕತ್ತಲೆ.

ಮೂರೆಳೆ:
ಪವರ್ ಆಫ್ ಮಾಡಿ ಸೇರಿಸಿದ್ರಾ?

ಸೂರಂಚು:
ಎಡದ್ದು ಆಫ್ ಮಾಡಿದ್ದೆ.

ಮೂರೆಳೆ:
ಎರಡೂ ಅಂದಿದ್ದೆ. ಬಿಡಿ, ಆಗಿದ್ದು ಆಯ್ತು. ಬಲದ ಸಪ್ಲೈ ಜೀವಂತ ಇದ್ದಾಗ ಮೈನಸ್ಸಿಗೆ ಮುಂಚೆ ಡೇಟಾ ತಾಗಿದ್ರೆ ಆ ಎಳೆಯೇ ವಾಪಸ್ ದಾರಿ ಆಗಿಬಿಡುತ್ತೆ. ಈಗ ಎರಡರಲ್ಲಿ ಒಂದು: ನಲ್ ನೋಡಿನ ಔಟ್‌ಪುಟ್ ಸತ್ತಿದೆ, ಇಲ್ಲಾ 151ರ ಇನ್‌ಪುಟ್ ಸತ್ತಿದೆ. ಸುಮ್ಮನೆ 151 ಕತ್ತರಿಸಬೇಡಿ. ಎರಡನ್ನೂ ಆಫ್ ಮಾಡಿ, ನಲ್ಲಿಂದ ಬರೋ ಡೇಟಾವನ್ನ ಕೈಲಿರೋ ಒಂದು ಬಿಡಿ ನೋಡಿಗೆ ಕೊಡಿ, ಎಡ ಸಪ್ಲೈಯಿಂದಲೇ ಪವರ್. ಆಮೇಲೆ ಎಡದ್ದು ಮಾತ್ರ ಆನ್ ಮಾಡಿ. ಉರಿದ್ರೆ ನಲ್ ಬದುಕಿದೆ.

ಸೂರಂಚು:
ಬಿಡಿ ನೋಡ್ ಉರೀತು. 151 ಕತ್ತರಿಸಿ ಹೊಸದು ಬೆಸೆದೆ, ಈ ಸಲ ಎರಡೂ ಆಫ್. 300ಕ್ಕೆ 300 ಉರೀತಿವೆ, ಎರಡು ಗಂಟೆಯಾಯ್ತು, ಒಂದೂ ಮಿಟುಕಿಲ್ಲ. ಇನ್ನು ನಲ್ ತೆಗೆಯಲಾ?

ಬೆಸುಗೆಕಡ್ಡಿ:
ಬೇಡ, ಅಲ್ಲೇ ಇರಲಿ. ಸೆಗ್ಮೆಂಟ್ ಹೇಗೂ ಮಾಡಿಯಾಗಿದೆ, ಮತ್ತೊಂದು ಜಾಯಿಂಟ್ ಬಿಚ್ಚಿದ್ರೆ ನೀರು ಹೋಗೋಕೆ ಮತ್ತೊಂದು ದಾರಿ. ಸಪ್ಲೈ ಡಬ್ಬಿಯ ಗ್ಲ್ಯಾಂಡ್ (ವೈರು ತೂರೋ ಬಿರಡೆ) ಕೆಳಮುಖವಾಗಿರಲಿ, ವೈರು ಒಳಗೆ ಹೋಗೋ ಮುಂಚೆ ಒಂದು ಜೋಲು ಬಿಡಿ, ಮಳೆನೀರು ಅಲ್ಲೇ ತೊಟ್ಟಿಕ್ಕುತ್ತೆ. ಹೊರಗೆ ಹೋಗೋ ಪ್ರತಿ ಪ್ಲಸ್ಸಿಗೆ 5 ಆಂಪಿನ ಫ್ಯೂಸ್. 30 ಪರ್ಸೆಂಟ್ ಬಿಳಿಗೆ ಒಂದೊಂದು ಕಡೆಗೆ 2.7 ಆಂಪ್, ಆರಾಮಾಗಿ ನಡೆಯುತ್ತೆ.

ಓಮ್ ಭಕ್ತ:
ಆದ್ರೂ 150ರಲ್ಲಿ ಇನ್ನೂ 10.7 ತಾನೆ? ಇಂಜೆಕ್ಷನ್ ಕೊಟ್ಟಿದ್ರೆ ಅಲ್ಲೂ 12 ಇರ್ತಿತ್ತು.